ಕಾರ್ಖಾನೆ ಮುಚ್ಚಿತು, ತಾತನ ಯೆಜ್ಡಿ ನಿಲ್ಲಲಿಲ್ಲ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಶುರು ಮಾಡೋ ಮುಂಚೆ ಒಂದು ಸಣ್ಣ ಕೆಲಸ. ಈಗ ನಿಮ್ಮ ಕೈಯಲ್ಲಿರೋ ಫೋನನ್ನ ಒಂದು ಸಲ ತಿರುಗಿಸಿ ನೋಡಿ. ಹಿಂದೆ ಎಲ್ಲಾದ್ರೂ ಸ್ಕ್ರೂ ಕಾಣುತ್ತಾ? ಇಲ್ಲ ಅಲ್ವಾ? ಬ್ಯಾಟರಿ ಹೋದ್ರೆ ನಾವೇ ಬಿಚ್ಚೋ ಹಾಗಿಲ್ಲ. ನಾಲ್ಕೈದು ವರ್ಷ ಆದ್ಮೇಲೆ ಅಪ್‌ಡೇಟ್ ನಿಲ್ಲುತ್ತೆ, ಆಮೇಲೆ ಅದು ಡ್ರಾಯರ್ ಸೇರುತ್ತೆ.

ಇವತ್ತು ನಾನು ಹೇಳ್ತಿರೋದು ಇದಕ್ಕೆ ಪೂರ್ತಿ ಉಲ್ಟಾ ಇರೋ ಒಂದು ವಸ್ತುವಿನ ಕತೆ. ಅದನ್ನ ಮಾಡಿದ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಆದರೂ ಅದು ನಮ್ಮ ಬಳ್ಳಾರಿ ರಸ್ತೆಗಳಲ್ಲಿ ಇನ್ನೂ ಅಲ್ಲಲ್ಲಿ ಕಾಣ್ಸುತ್ತೆ. ಅದು ಹೇಗೆ ಸಾಧ್ಯ ಆಯ್ತು ಅನ್ನೋದು ನನಗೆ ಗೊತ್ತಾಗಿದ್ದು ಯಾವ ಪುಸ್ತಕದಿಂದಲೂ ಅಲ್ಲ. ನಮ್ಮ ತಾತನ ಖರ್ಚಿನ ನೋಟ್‌ಬುಕ್ಕಿಂದ, ಮತ್ತೆ ಎರಡು ತಿಂಗಳು ಕೈಗೆ ಗ್ರೀಸ್ ಮಾಡ್ಕೊಂಡಿದ್ದರಿಂದ.

ಹೋದ ವರ್ಷ ಯುಗಾದಿಗೆ ಸಿರುಗುಪ್ಪಕ್ಕೆ ಹೋಗಿದ್ದೆ. ಊಟ ಆದ್ಮೇಲೆ ದೊಡ್ಡಪ್ಪ ಅಂದ್ರು: "ಲೇ ತಮ್ಮಾ, ಹಿತ್ತಲ ಶೆಡ್ ಕೆಡವ್ತೀವಿ. ಒಳಗ ತಾತನ ಗಾಡಿ ಐತಿ. ಗುಜರಿಯವನಿಗೆ ಹೇಳೀನಿ, ಒಂದ್ಸಲ ನೋಡೋದಿದ್ರ ನೋಡ್ಕೊ."

ಶೆಡ್ ಒಳಗೆ ಭತ್ತದ ಖಾಲಿ ಚೀಲಗಳ ಕೆಳಗೆ ಇತ್ತು. ಯೆಜ್ಡಿ ರೋಡ್‌ಕಿಂಗ್, 250 ಸಿಸಿ, 1991ರ ಗಾಡಿ, ಕೆಎ 34 ನಂಬರು. ಎರಡೂ ಟೈರು ಒಡೆದು ನೆಲ ಕಚ್ಚಿದ್ವು. ಟ್ಯಾಂಕ್ ಮುಚ್ಚಳ ತೆಗೆದ್ರೆ ಒಳಗೆಲ್ಲ ಕೆಂಪು ತುಕ್ಕು. ಕಿಕ್ ಹೊಡೆದೆ, ಕಾಲೇ ಕೆಳಗೆ ಹೋಗಲಿಲ್ಲ. ಎಂಜಿನ್ ಹಿಡ್ಕೊಂಡು ಬಿಟ್ಟಿತ್ತು. ತಾತ ತೀರ್ಕೊಂಡು ಎರಡು ವರ್ಷ, ಗಾಡಿ ನಿಂತು ಅದಕ್ಕಿಂತ ಜಾಸ್ತಿ.

ಗುಜರಿಯವನು ಕೆ.ಜಿ. ಲೆಕ್ಕದಲ್ಲಿ 4,200 ರೂಪಾಯಿ ಹೇಳಿದ್ದ. ನಾನು ಬಿ.ಕಾಂ. ಓದಿದವನು. ನಮಗೆ ಕಾಲೇಜಲ್ಲಿ ಸವಕಳಿ ಲೆಕ್ಕ, ಅಂದ್ರೆ ಡಿಪ್ರಿಸಿಯೇಷನ್ ಹೇಳ್ಕೊಡ್ತಾರೆ. ಹತ್ತು ಸಾವಿರದ ಗಾಡಿ ಅಂದ್ಕೊಳ್ಳಿ, ವರ್ಷಕ್ಕೆ ಶೇ. 15ರಂತೆ ಉಳಿದ ಬೆಲೆ ಮೇಲೆ ಸವಕಳಿ ಕಳೀತಾ ಹೋಗಿ. 30 ವರ್ಷ ಆದ್ಮೇಲೆ ಪುಸ್ತಕದಲ್ಲಿ ಉಳಿಯೋದು 76 ರೂಪಾಯಿ. ಆ ಲೆಕ್ಕದಲ್ಲಿ ನೋಡಿದ್ರೆ ಗುಜರಿಯವನು ಒಳ್ಳೇ ರೇಟೇ ಕೊಡ್ತಿದ್ದ! ಆದ್ರೂ ನಾನು ಎರಡು ತಿಂಗಳು ಟೈಮ್ ಕೇಳಿದೆ. ದೊಡ್ಡಪ್ಪ ನಕ್ಕರು. "ಆತು. ಎರಡು ತಿಂಗಳೊಳಗ ಓಡಿಸ್ಕೊಂಡು ಈ ಬಾಗಿಲಿಗೆ ಬಂದ್ರ ನಿಂದು. ಇಲ್ಲಂದ್ರ ಅವಂದು" ಅಂದ್ರು. ಅವತ್ತು ಸಂಜೆನೇ ಟಾಟಾ ಏಸ್‌ನಲ್ಲಿ ಹಾಕ್ಕೊಂಡು ಬಳ್ಳಾರಿಯ ನಮ್ಮ ಮನೆಗೆ ತಂದೆ. ಜೊತೆಗೆ ಅಜ್ಜಿ ಒಂದು ನೋಟ್‌ಬುಕ್ ಕೊಟ್ರು: "ತಗೋ, ಇದೂ ಆ ಗಾಡೀದ."

ನೋಟ್‌ಬುಕ್ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಈ ಗಾಡಿ ಎಲ್ಲಿಂದ ಬಂತು ಅಂತ ನೋಡೋಣ.

1929ರಲ್ಲಿ ಪ್ರಾಗ್ ನಗರದ ಉದ್ಯಮಿ ಫ್ರಾಂಟಿಶೆಕ್ ಯಾನೆಚೆಕ್, ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ಮಾಡೋ ಹಕ್ಕು ಕೊಂಡ. ಅವನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿದ್ರೆ ಜಾವಾ. ನಮ್ಮಲ್ಲಿ 1950ರ ದಶಕದಲ್ಲಿ ಹೊರದೇಶದ ಗಾಡಿಗಳ ಆಮದಿಗೆ ಸರ್ಕಾರ ಬಿಗಿ ಮಾಡ್ತು. ಗಾಡಿ ಮಾರ್ಬೇಕು ಅಂದ್ರೆ ಇಲ್ಲೇ ತಯಾರಿಸಬೇಕು ಅನ್ನೋ ಪರಿಸ್ಥಿತಿ. ಎನ್‌ಫೀಲ್ಡ್ ಮದ್ರಾಸಲ್ಲಿ ಬುಲೆಟ್ ಶುರು ಮಾಡ್ತು. ಮುಂಬೈನಲ್ಲಿ ಜಾವಾ ಗಾಡಿ ತರಿಸಿ ಮಾರ್ತಿದ್ದ ರುಸ್ತುಂ ಇರಾನಿ, ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿಸಿದ್ರು. 1960ರಲ್ಲಿ ಕಂಪನಿ, 1961ರಲ್ಲಿ ಗಾಡಿಗಳು. ಉದ್ಘಾಟನೆ ಮಾಡಿದ್ದು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಆಯ್ತು. ಇರಾನಿನ ಯಜ್ದ್ ಪಟ್ಟಣದ ನೆನಪಿನ ಹೆಸರು ಅದು.

ಮೈಸೂರಲ್ಲಿ ತಯಾರಾದ ಗಾಡಿ ಸಿರುಗುಪ್ಪದ ರೈತನ ಮನೆಗೆ ಯಾಕೆ ಬಂತು? ಇದಕ್ಕೆ ಉತ್ತರ ತುಂಗಭದ್ರಾ ಕಾಲುವೆಯಲ್ಲಿದೆ. 1953 ನಮ್ಮ ಜಿಲ್ಲೆಗೆ ಎರಡು ಕಾರಣಕ್ಕೆ ಮುಖ್ಯ ವರ್ಷ. ಆ ಅಕ್ಟೋಬರ್ 1ಕ್ಕೆ ಬಳ್ಳಾರಿ, ಮದ್ರಾಸ್ ಬಿಟ್ಟು ಮೈಸೂರು ರಾಜ್ಯ ಸೇರ್ತು. ಅದೇ ವರ್ಷ ತುಂಗಭದ್ರಾ ಡ್ಯಾಮಿನ ನೀರು ಕಾಲುವೆಗೆ ಬಂತು. ಕೆಳಮಟ್ಟದ ಕಾಲುವೆ ಕುರುಗೋಡು, ಸಿರುಗುಪ್ಪದ ಕಡೆ ಹರಿದಿದ್ದರಿಂದ ಒಣ ಭೂಮಿಯಲ್ಲಿ ಭತ್ತ ಬೆಳೀತು. ಭತ್ತದ ಹಿಂದೆ ರೈಸ್ ಮಿಲ್ಲು, ಮಿಲ್ಲಿನ ಹಿಂದೆ ದುಡ್ಡು. ದುಡ್ಡು ಬಂದ ರೈತನಿಗೆ ಹೊಲಕ್ಕೂ ಮಿಲ್ಲಿಗೂ ಓಡಾಡೋಕೆ, ಹಿಂದೆ ಒಂದು ಚೀಲ ಕಟ್ಕೊಂಡು ಕಾಲುವೆ ಏರಿ ಮೇಲೆ ಹೋಗೋಕೆ ಗಟ್ಟಿ ಗಾಡಿ ಬೇಕಾಗಿತ್ತು. ಯೆಜ್ಡಿ ಸುಮಾರು 140 ಕೆ.ಜಿ. ತೂಗೋ ಕಬ್ಬಿಣ. ಬಗ್ಗೋದಲ್ಲ.

ಇನ್ನೊಂದು ವಿಷಯ ಅಂದ್ರೆ ಎಂಜಿನ್. ಯೆಜ್ಡಿದು ಟೂ ಸ್ಟ್ರೋಕ್. ಅದರಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ - ಓಡಾಡೋ ಮುಖ್ಯ ಭಾಗ ಮೂರೇ. ಪೆಟ್ರೋಲ್ ಜೊತೆ ಆಯಿಲ್ ಬೆರೆಸಿ ಹಾಕ್ಬೇಕು, ಅದೇ ಒಳಗಿನ ಭಾಗಗಳಿಗೆ ಜಿಡ್ಡು ಕೊಡುತ್ತೆ. ಒಂದೇ ಸಿಲಿಂಡರ್, ಆದ್ರೆ ಸೈಲೆನ್ಸರ್ ಎರಡು. ಎಡಗಾಲ ಹತ್ತಿರ ಒಂದೇ ಲಿವರ್: ಅದನ್ನ ಒಳಕ್ಕೆ ಒತ್ತಿ ಮೇಲೆ ತಿರುಗಿಸಿದ್ರೆ ಕಿಕ್ಕರ್, ವಾಪಸ್ ಇಟ್ರೆ ಗೇರು. ಎಲ್ಲ ಕಣ್ಣಿಗೆ ಕಾಣೋ ಹಾಗಿದೆ, ನಾಲ್ಕು ಪಾನಾ ಇದ್ರೆ ಬಿಚ್ಚಬಹುದು. ಹಳ್ಳಿಗೆ ಬೇಕಾಗಿದ್ದು ಅದೇ.

ಹಾಗಾದ್ರೆ ಮುಚ್ಚಿದ್ದು ಯಾಕೆ? 1980ರ ದಶಕದಲ್ಲಿ ಸರ್ಕಾರ ಜಪಾನಿ ಕಂಪನಿಗಳ ಜೊತೆ ಪಾಲುದಾರಿಕೆಗೆ ದಾರಿ ಬಿಟ್ಟಿತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು, ಅದೇ ವರ್ಷ ಯಮಹಾ ಆರ್‌ಎಕ್ಸ್ 100 ಬಂತು. ಸಿಡಿ 100 ಫೋರ್ ಸ್ಟ್ರೋಕ್ ಗಾಡಿ, ಲೀಟರಿಗೆ 80 ಕಿ.ಮೀ. ಅಂತ ಜಾಹೀರಾತು. ಯೆಜ್ಡಿ ಅದರ ಅರ್ಧನೂ ಕೊಡ್ತಿರಲಿಲ್ಲ. ಜೊತೆಗೆ 1991ರಿಂದ ಹೊಗೆಯ ನಿಯಮ ಬಂದ್ವು, 1996ರಲ್ಲಿ ಇನ್ನೂ ಬಿಗಿ ಆದ್ವು. ಆ ವರ್ಷವೇ ಮೈಸೂರಿನ ಕಾರ್ಖಾನೆ ನಿಂತಿತು. ಕೆಲಸಗಾರರು ಬೀದಿಗೆ ಬಂದ್ರು, ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯ್ತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಹೊಸ ಕಂಪನಿಯ ಹೊಸ ಗಾಡಿಗಳ ಮೇಲೆ ವಾಪಸ್ ಬಂತು. ಯೆಜ್ಡಿ ಅನ್ನೋ ಹೆಸರು ಯಾರ ಆಸ್ತಿ ಅಂತ ಹೈಕೋರ್ಟಿನಲ್ಲಿ ಕೇಸೂ ನಡೀತು.

ಈ ಗಾಡಿ ಬಗ್ಗೆ ಹುಡುಕಿದ್ರೆ ಇಷ್ಟು ಸಿಗುತ್ತೆ. 1996ರಲ್ಲಿ ಮುಚ್ಚಿತು, 2018ರಲ್ಲಿ ಹೊಸ ಜನ್ಮ. ಮಧ್ಯದ 22 ವರ್ಷ ಖಾಲಿ. ಆದ್ರೆ ನಮ್ಮ ತಾತ ಆ 22 ವರ್ಷವೂ ಇದೇ ಗಾಡಿಯಲ್ಲಿ ಹೊಲಕ್ಕೆ ಹೋಗಿದ್ರಲ್ಲ?

ಈಗ ನೋಟ್‌ಬುಕ್ಕಿಗೆ ಬರೋಣ. ತಾತ ಓದಿದ್ದು ನಾಲ್ಕನೇ ಕ್ಲಾಸು. ಲೆಕ್ಕ ಮಾತ್ರ ಪಕ್ಕಾ. ದಿನಾಂಕ, ಕಿಲೋಮೀಟರ್, ಪೆಟ್ರೋಲ್, ಆಯಿಲ್, ಕಡೆಗೆ "ಸಾಮಾನು" ಅಂತ ಒಂದು ಕಾಲಂ. ಪ್ರತಿ ಸಾಮಾನಿನ ಪಕ್ಕ "ಹೊ" ಇಲ್ಲಾ "ಹ" ಅಂತ ಒಂದಕ್ಷರ. ಮೊದಲು ನನಗೆ ಅರ್ಥ ಆಗಲಿಲ್ಲ. "ಹೊ" ಅಂದ್ರೆ ಹೊಸದು, "ಹ" ಅಂದ್ರೆ ಹಳೇದು. 1991ರಿಂದ 1996ರ ತನಕ ಎಲ್ಲ "ಹೊ". 1997ರಲ್ಲಿ ಮೊದಲ "ಹ": ಕ್ಲಚ್ ಪ್ಲೇಟು. 2000 ದಾಟಿದ ಮೇಲೆ ಪುಟಗಟ್ಟಲೆ "ಹ", "ಹ", "ಹ".

ಕೊನೇ ಪುಟದಲ್ಲಿ ಒಂದು ಪಟ್ಟಿ ಇತ್ತು. ತೆಕ್ಕಲಕೋಟೆ, ಎಮ್ಮಿಗನೂರು, ಕಂಪ್ಲಿ, ಕುರುಗೋಡು - ಊರಿನ ಹೆಸರು, ಪಕ್ಕದಲ್ಲಿ ಯಾರ ಮನೆಯಲ್ಲಿ ಯಾವ ಸಾಮಾನು ಇದೆ ಅಂತ. ಒಬ್ಬರ ಹತ್ರ ಹೆಡ್‌ಲೈಟ್ ರಿಂಗು, ಇನ್ನೊಬ್ಬರ ಹತ್ರ ಎರಡು ಕಾರ್ಬೊರೇಟರು. ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ ಅದು ಸ್ಟಾಕ್ ರಿಜಿಸ್ಟರ್. ಮೈಸೂರಿನ ಸ್ಟೋರ್ ಮುಚ್ಚಿದ್ಮೇಲೆ ಆ ಸ್ಟೋರು ನಮ್ಮ ಹಳ್ಳಿಗಳ ಅಟ್ಟ, ಹಿತ್ತಲು, ಗುಜರಿ ಅಂಗಡಿಗಳಿಗೆ ಹಂಚಿಹೋಗಿತ್ತು. ಯಾವುದು ಎಲ್ಲಿದೆ ಅಂತ ಗೊತ್ತಿದ್ದಿದ್ದು ಮಿಸ್ತ್ರಿಗಳಿಗೆ, ತಾತನಂಥವರಿಗೆ. ಆ 22 ವರ್ಷ ಯೆಜ್ಡಿಯನ್ನ ಓಡಿಸಿದ್ದು ಯಾವ ಕಂಪನಿಯೂ ಅಲ್ಲ, ಈ ಜನ. ಅವರ ಹೆಸರು ಯಾವ ಇತಿಹಾಸದಲ್ಲೂ ಇಲ್ಲ.

ಪಟ್ಟಿಯ ಕೊನೇ ಸಾಲು ಹೀಗಿತ್ತು: "ಕುರುಗೋಡು, ಹಾಲಿನವರು, ಇಡೀ ಗಾಡಿ."

ಬಳ್ಳಾರಿಯಿಂದ ಕುರುಗೋಡು ಮುಕ್ಕಾಲು ಗಂಟೆ ದಾರಿ. ದೊಡ್ಡ ಬಸವೇಶ್ವರ ಗುಡಿ ಹತ್ರ ಕೇಳಿದ್ರೆ ಮನೆ ತೋರಿಸಿದ್ರು. ಹಾಲಿನವರು ಅಂದ್ರೆ ಎಪ್ಪತ್ತು ದಾಟಿದ ಯಜಮಾನರು. ಮೂವತ್ತು ವರ್ಷ ಯೆಜ್ಡಿ ಮೇಲೆ ಎರಡೂ ಕಡೆ ಹಾಲಿನ ಕ್ಯಾನ್ ಕಟ್ಕೊಂಡು ಬಳ್ಳಾರಿಗೆ ಹೋಗಿ ಬಂದವರು. ಅವರ ಗಾಡಿ ಲಾರಿಗೆ ತಾಗಿ ಚಾಸಿ ಕುತ್ತಿಗೆ ಹತ್ರ ಬಿರುಕು ಬಿಟ್ಟಿತ್ತು. ಆದ್ರೆ ಎಂಜಿನ್ ನಮ್ಮದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ನಾನು ಬಂದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ರು. "ಬಿಚ್ತೀರೇನು?" ಅಂದ್ರು. ನನಗೆ ಏನು ಹೇಳ್ಬೇಕೋ ತಿಳೀಲಿಲ್ಲ. ನಮ್ಮ ತಾತನ ಗಾಡಿ ಉಳಿಸೋಕೆ ಇನ್ನೊಬ್ಬರ ಗಾಡಿ ಹರೀಬೇಕು. ನಾನು ಅಲ್ಲಿಯವರೆಗೆ ಈ ಕಡೆಯಿಂದ ಯೋಚನೆನೇ ಮಾಡಿರಲಿಲ್ಲ. ಕಡೆಗೆ ಅವರೇ ಅಂದ್ರು: "ತಗೊಂಡ್ ಹೋಗ್ರಿ. ಇಲ್ಲಿ ಇದ್ರ ಮಣ್ಣಾಗತೈತಿ. ಆದ್ರ ಟ್ಯಾಂಕ್ ಕೊಡಂಗಿಲ್ಲ. ಅದರ ಮ್ಯಾಲ ನನ್ನ ಮಗಳ ಹೆಸರು ಬರೆಸೀನಿ." 8,000 ರೂಪಾಯಿ ಕೊಟ್ಟೆ. ಹೊರಡುವಾಗ "ಓಡಿದ್ರ ಒಂದ್ಸಲ ತಂದು ಸಪ್ಪಳ ಕೇಳಸ್ರಿ" ಅಂದ್ರು.

ಬಳ್ಳಾರಿಯಲ್ಲಿ ಮನೆ ಮುಂದಿನ ಕಟ್ಟೆ ನಮ್ಮ ಗ್ಯಾರೇಜ್ ಆಯ್ತು. ಕೌಲ್ ಬಜಾರಿನ ಒಬ್ಬ ಹಿರಿಯ ಮಿಸ್ತ್ರಿ ಭಾನುವಾರ ಭಾನುವಾರ ಬಂದು ಹೇಳ್ಕೊಡ್ತೀನಿ ಅಂತ ಒಪ್ಪಿದ್ರು. ನಾನು ಅವರನ್ನ ಚಾಚಾ ಅಂತೀನಿ. ಅವರ ಮೊದಲ ಪಾಠ: ಬಿಚ್ಚೋ ಮುಂಚೆ ಫೋನಲ್ಲಿ ಫೋಟೋ ತೆಗಿ, ಪ್ರತಿ ಬೋಲ್ಟನ್ನ ಬೇರೆ ಬೇರೆ ಡಬ್ಬಿಗೆ ಹಾಕು. ಅಮ್ಮನ ಮಸಾಲೆ ಡಬ್ಬಿಗಳು ಹೋದದ್ದು ಹಾಗೆ.

ನಾನು ಸುಲಭದ ದಾರಿ ನೋಡ್ತಿದ್ದೆ. "ಚಾಚಾ, ಕುರುಗೋಡಿನ ಎಂಜಿನ್ ಪೂರ್ತಿ ಎತ್ತಿ ನಮ್ಮ ಚಾಸಿಗೆ ಕೂರಿಸಿಬಿಡೋಣ?" ಅವರು ಎಂಜಿನ್ ಮೇಲೆ ಕೊರೆದಿರೋ ನಂಬರ್ ತೋರಿಸಿದ್ರು. "ಇದು ಆರ್‌ಸಿಯಲ್ಲಿ ಇರೋದು. ಇದು ಬದಲಾದ್ರೆ ಆರ್‌ಟಿಓ ಕೇಳ್ತಾರೆ, ಪೊಲೀಸರು ಕೇಳ್ತಾರೆ. ಮನೆ ಹಾಗೇ ಇರ್ಲಿ ಬೇಟಾ, ಒಳಗಿನ ಸಾಮಾನು ಬದಲು ಮಾಡೋಣ." ಅವರು ಕಾನೂನು ಓದಿದವರಲ್ಲ. ಆದ್ರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳೋದೂ ಅದೇ: ಆರ್‌ಸಿಯಲ್ಲಿ ಇರೋ ವಿವರ ಅನುಮತಿ ಇಲ್ಲದೆ ಬದಲಾಗಬಾರದು. ಕುರುಗೋಡಿನ ಗಾಡಿ ಇನ್ನು ರಸ್ತೆಗೆ ಬರಲ್ಲ ಅಂತ ಅದರ ಯಜಮಾನರಿಂದ ಆರ್‌ಟಿಓಗೆ ಬರೆಸಿ, ಆರ್‌ಸಿ ವಾಪಸ್ ಮಾಡಿಸಿದ್ವಿ. ಗುಜರಿ ಸಾಮಾನು ಕೊಳ್ಳೋ ಗೆಳೆಯರೇ, ಇದನ್ನ ನೆನಪಿಡಿ. ಕಾಗದ ಇಲ್ಲದ ಎಂಜಿನ್, ಚಾಸಿ ಎಷ್ಟೇ ಕಡಿಮೆಗೆ ಸಿಕ್ಕರೂ ಮುಟ್ಟಬೇಡಿ. ಅದು ಕದ್ದ ಗಾಡಿದಾಗಿರಬಹುದು.

ಹಾಗಾಗಿ ಕುರುಗೋಡಿನ ಗಾಡಿಯಿಂದ ಕ್ರ್ಯಾಂಕ್, ಸಿಲಿಂಡರ್, ಗೇರು, ಕಾರ್ಬೊರೇಟರ್, ಹಿಂದಿನ ಚಕ್ರ ತೆಗೆದು ನಮ್ಮ ಗಾಡಿಗೆ ಹಾಕಿದ್ವಿ. ಸಿಲಿಂಡರನ್ನ ಲೇತ್ ಅಂಗಡಿಗೆ ಕೊಟ್ಟು ಅರ್ಧ ಮಿ.ಮೀ. ದೊಡ್ಡದಾಗಿ ಬೋರ್ ಮಾಡಿಸಿ, ಆ ಸೈಜಿನ ಪಿಸ್ಟನ್, ರಿಂಗ್ ತಂದ್ವಿ. ಟ್ಯಾಂಕನ್ನ ಬಯಲಲ್ಲಿ ಖಾಲಿ ಮಾಡಿ ಒಣಗಿಸಿ, ಒಳಗೆ ಹಿಡಿ ಜಲ್ಲಿ ಮತ್ತೆ ಹುಣಸೆಹಣ್ಣಿನ ನೀರು ಹಾಕಿ ಅಲ್ಲಾಡಿಸಿದ್ವಿ. ಅಜ್ಜಿ ಹಿತ್ತಾಳೆ ಪಾತ್ರೆ ತೊಳೆಯೋ ವಿದ್ಯೆ ಇದು. ಮೂರು ದಿನಕ್ಕೆ ತುಕ್ಕು ಬಿಡ್ತು. ಟ್ಯಾಂಕಿಗೆ ಮಾತ್ರ ಮನೇಲಿ ಯಾವತ್ತೂ ವೆಲ್ಡಿಂಗ್ ಮಾಡಬೇಡಿ. ಖಾಲಿ ಟ್ಯಾಂಕಲ್ಲೂ ಪೆಟ್ರೋಲ್ ಆವಿ ಇರುತ್ತೆ, ಸಿಡಿಯುತ್ತೆ.

ಈಗ ನನ್ನ ತಪ್ಪಿನ ಕತೆ. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕಿನ ಎರಡೂ ತುದಿಗೆ ರಬ್ಬರ್ ಆಯಿಲ್ ಸೀಲ್ ಇರುತ್ತೆ. ಒಳಗಿನ ಕೋಣೆಗೆ ಹೊರಗಿನ ಗಾಳಿ ನುಗ್ಗದ ಹಾಗೆ ತಡೆಯೋದು ಅದೇ. ಹೊಸದು ಹಾಕು ಅಂದ್ರು ಚಾಚಾ. ಆ ದಿನ ಅಂಗಡಿಯಲ್ಲಿ ಒಂದೇ ಸಿಕ್ತು. ಇನ್ನೊಂದು ಕಡೆಗೆ ನಾನು ಕುರುಗೋಡಿನ ಎಂಜಿನ್ನಿನ ಹಳೇ ಸೀಲನ್ನೇ ಒರೆಸಿ ಹಾಕ್ಬಿಟ್ಟೆ, ಅವರಿಗೆ ಹೇಳಲಿಲ್ಲ. ನೋಡೋಕೆ ಚೆನ್ನಾಗೇ ಇತ್ತು.

ಮೇ ತಿಂಗಳ ಒಂದು ಬೆಳಿಗ್ಗೆ ಏಳನೇ ಕಿಕ್ಕಿಗೆ ಗಾಡಿ ಶುರುವಾಯ್ತು. ಓಣಿ ತುಂಬ ಹೊಗೆ, ಅಮ್ಮ ಹೊರಗೆ ಬಂದು ಕಣ್ಣೊರೆಸಿಕೊಂಡ್ರು. ಹೊಗೆಗೋ ಮತ್ತ್ಯಾಕೋ ನಾನು ಕೇಳಲಿಲ್ಲ. ದೊಡ್ಡಪ್ಪನ ಗಡುವಿಗೆ ಆರು ದಿನ ಇತ್ತು. ಹೊಸ ಬೋರಿನ ಎಂಜಿನ್ನು, ನಿಧಾನ ಓಡಿಸ್ಬೇಕು ಅಂತ ಗೊತ್ತಿತ್ತು. ಆದ್ರೂ ಮರುದಿನವೇ ಸಿರುಗುಪ್ಪ ರಸ್ತೆ ಹಿಡಿದೆ. ಅರ್ಧ ದಾರಿಯಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ಎಂಜಿನ್ ಸದ್ದು ಬದಲಾಯ್ತು, ಹಿಂದಿನ ಚಕ್ರ ಒಮ್ಮೆಲೇ ಹಿಡ್ಕೊಳ್ತು. ಕ್ಲಚ್ ಒತ್ತಿದ್ದರಿಂದ ಬೀಳಲಿಲ್ಲ ಅಷ್ಟೇ. ಹಿಂದೆ ಲಾರಿ ಇದ್ದಿದ್ರೆ ಇವತ್ತು ಈ ಸಂಚಿಕೆ ಇರ್ತಿರಲಿಲ್ಲ.

ಚಾಚಾ ಬಿಚ್ಚಿ ನೋಡಿದ್ರು. ಹಳೇ ಸೀಲಿನ ರಬ್ಬರ್ ಗಟ್ಟಿಯಾಗಿ ಅಂಚು ಒಡೆದಿತ್ತು. ಅಲ್ಲಿಂದ ಗಾಳಿ ನುಗ್ಗಿದೆ. ಗಾಳಿ ಜಾಸ್ತಿ ಆಗಿ ಪೆಟ್ರೋಲು, ಅದರ ಜೊತೆಗಿನ ಆಯಿಲು ಕಡಿಮೆ ಆಗಿ ಪಿಸ್ಟನ್ ಕಾದು ಹಿಡ್ಕೊಂಡಿದೆ. ಅವರು ಬೈಯಲಿಲ್ಲ. "ಕಬ್ಬಿಣ ಹಳೇದು ನಡೆಯುತ್ತೆ. ರಬ್ಬರ್, ಬ್ರೇಕ್ ಲೈನರ್, ಟೈರು, ಕೇಬಲ್ - ಇವು ಹಳೇದು ನಡೆಯಲ್ಲ" ಅಂದ್ರು. ಆಮೇಲೆ ನಾನು ತಾತನ ನೋಟ್‌ಬುಕ್ ಮತ್ತೆ ತೆಗೆದು ನೋಡಿದೆ. ಅಷ್ಟೊಂದು "ಹ" ಮಧ್ಯೆ ಸೀಲಿನ ಪಕ್ಕ ಮಾತ್ರ ಪ್ರತಿ ಸಲವೂ "ಹೊ" ಅಂತಿತ್ತು. ಮೊದಲೇ ಓದಿದ್ದೆ, ಗಮನಿಸಿರಲಿಲ್ಲ.

ಎರಡೂ ಸೀಲು, ರಿಂಗು ಹೊಸದು ಹಾಕಿ, ಪಿಸ್ಟನ್ ಎಮರಿ ಪೇಪರಲ್ಲಿ ಉಜ್ಜಿ, ಲೀಟರಿಗೆ 40 ಎಂ.ಎಲ್. ಆಯಿಲ್ ಬೆರೆಸಿ, ಗಡುವಿನ ಕೊನೇ ದಿನ ಬೆಳಗಿನ ಜಾವ ನಲವತ್ತರ ಸ್ಪೀಡಲ್ಲಿ ಸಿರುಗುಪ್ಪಕ್ಕೆ ಹೋದೆ. ದೊಡ್ಡಪ್ಪ ಬಾಗಿಲಲ್ಲೇ ಇದ್ರು. ಸುತ್ತ ಒಂದು ಸುತ್ತು ಬಂದು "ಆರ್‌ಸಿ ಎಲ್ಲಿ ಐತೋ ಹುಡುಕಿ ಕೊಡ್ತೀನಿ" ಅಂದ್ರು ಅಷ್ಟೇ.

ಒಟ್ಟು ಖರ್ಚು 23,000 ರೂಪಾಯಿ. ಅದರ ಮೇಲೆ ತಾತನ ಹೆಸರಿಂದ ವರ್ಗಾವಣೆಗೆ ಫಾರಂ 31, ನೋಂದಣಿ ನವೀಕರಣಕ್ಕೆ ಫಾರಂ 25, ಇನ್ಶೂರೆನ್ಸ್, ಹೊಗೆ ತಪಾಸಣೆ. ನವೀಕರಣ ಶುಲ್ಕ ಬೈಕಿಗೆ 300 ರೂಪಾಯಿ ಇದ್ದಿದ್ದು 2022ರ ಏಪ್ರಿಲ್‌ನಿಂದ 1,000 ಆಯ್ತು, 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಬೈಕಿಗೆ 2,000 ಆಯ್ತು. ಐದು ವರ್ಷಕ್ಕೊಮ್ಮೆ ಕಟ್ಟಬೇಕು. ಹಳೇ ಗಾಡಿ ಹೊಗೆ ಉಗುಳುತ್ತೆ ಅನ್ನೋದು ಸುಳ್ಳಲ್ಲ, ನಮ್ಮದೂ ಉಗುಳುತ್ತೆ. ಹಾಗಾಗಿ ಇದು ನನ್ನ ದಿನದ ಗಾಡಿ ಅಲ್ಲ, ತಿಂಗಳಿಗೆ ಒಂದೆರಡು ಸಲ ತೆಗೀತೀನಿ. ಎಲ್ಲರೂ ಹಳೇ ಟೂ ಸ್ಟ್ರೋಕ್ ಓಡಿಸಿ ಅಂತ ನಾನು ಹೇಳ್ತಿಲ್ಲ.

ನಾನು ಕೇಳ್ತಿರೋದು ಬೇರೆ. ಕೊಂಡ ವಸ್ತುವನ್ನ ರಿಪೇರಿ ಮಾಡ್ಕೊಳ್ಳೋ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಒಂದು ಸಮಿತಿ ಮಾಡ್ತು. ಕೃಷಿ ಯಂತ್ರ, ಮೊಬೈಲ್, ಮನೆಬಳಕೆ ವಸ್ತು, ವಾಹನ - ಈ ನಾಲ್ಕರಿಂದ ಶುರು. ನಾವು ಅದನ್ನ ಹೊಸ ವಿಚಾರ ಅಂದ್ಕೊಳ್ತೀವಿ. ತಾತ, ಚಾಚಾ, ಕುರುಗೋಡಿನ ಹಾಲಿನವರು ಅದನ್ನ ಕಾಲು ಶತಮಾನ ಮಾಡ್ಕೊಂಡು ಬಂದ್ರು. ಅವರಿಗೆ ಅದು ಸಾಧ್ಯ ಆಗಿದ್ದು ಗಾಡಿಯನ್ನ ಬಿಚ್ಚೋಕೆ ಬರೋ ಹಾಗೆ ಮಾಡಿದ್ರು ಅನ್ನೋ ಕಾರಣಕ್ಕೆ, ಮತ್ತೆ ಬಿಚ್ಚೋದನ್ನ ಒಬ್ಬರಿಗೊಬ್ಬರು ಹೇಳ್ಕೊಟ್ರು ಅನ್ನೋ ಕಾರಣಕ್ಕೆ. ಚಾಚಾಗೆ ಈಗ ಕಣ್ಣು ಮಂಜು. ಅವರ ಹತ್ರ ಕೆಲಸ ಕಲಿಯೋಕೆ ಸದ್ಯಕ್ಕೆ ಯಾರೂ ಇಲ್ಲ, ಭಾನುವಾರದ ನನ್ನನ್ನ ಬಿಟ್ರೆ.

ಕಾಗದ ಎಲ್ಲ ಸರಿಯಾದ್ಮೇಲೆ ಕುರುಗೋಡಿಗೆ ಹೋದೆ. ಹಾಲಿನವರು ಸದ್ದು ಕೇಳಿಯೇ ಹೊರಗೆ ಬಂದಿದ್ರು. ಹಿಂದೆ ಕೂರಿಸಿಕೊಂಡು ಗುಡಿ ತನಕ ಒಂದು ರೌಂಡ್ ಹೊಡೆದೆ. ಎರಡನೇ ಗೇರಿಗೆ ಹಾಕಿದಾಗ ಅದು ಸ್ವಲ್ಪ ಜಾರಿ ಮತ್ತೆ ಕೂತ್ಕೊಳ್ತು. ಹಿಂದಿನಿಂದ ನನ್ನ ಹೆಗಲು ತಟ್ಟಿ ಅಂದ್ರು: "ಅದು ನಂದೇ ಗೇರು. ಮೊದ್ಲಿಂದ್ಲೂ ಹಂಗ ಮಾಡತೈತಿ. ಸ್ವಲ್ಪ ತಡೆದು ಹಾಕ್ರಿ, ಕೂಡತೈತಿ."

ಈಗ ನಾನು ಹಾಗೇ ಹಾಕ್ತೀನಿ. ನೋಟ್‌ಬುಕ್ಕಿನ ಮುಂದಿನ ಪುಟದಲ್ಲಿ ಅದನ್ನೂ ಬರೆದಿಟ್ಟಿದೀನಿ.

ನಿಮ್ಮ ಮನೆಯಲ್ಲಿ ಕಂಪನಿ ಮುಚ್ಚಿದ ಮೇಲೂ ನಡೀತಿರೋ ರೇಡಿಯೋ, ಹೊಲಿಗೆ ಮಷೀನು, ಪಂಪ್‌ಸೆಟ್ಟು ಏನಾದ್ರೂ ಇದ್ರೆ, ಅದನ್ನ ರಿಪೇರಿ ಮಾಡೋರು ಯಾರು ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಆದ್ರೆ ಅದಕ್ಕಿಂತ ಮುಂಚೆ ಅವರ ಪಕ್ಕ ಒಂದು ಭಾನುವಾರ ಕೂತು ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.